ದಾರ ಕಟ್ಟಿದ ಕಲ್ಲು

ಆ ಊರಿನಲ್ಲಿ ಒಂದು ಕಡೆ ಗೋಡೆ ಎದ್ದರೆ ಇನ್ನೊಂದು ಕಡೆ ನೆಲ ಇಳಿಯುತ್ತಿತ್ತು. ಗೋಡೆ ಎಷ್ಟು ಮಣ್ಣು ತಿಂದಿತೋ ಅಷ್ಟೇ ಇಳಿಯುತ್ತಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಿರುಕು ಬಿಡುತ್ತಿರಲಿಲ್ಲ, ಸದ್ದಾಗುತ್ತಿರಲಿಲ್ಲ. ಮನೆ, ಮನೆಯೊಳಗಿನ ಒಲೆ, ಒಲೆಯ ಮೇಲಿನ ಮಡಕೆ, ಮಡಕೆಯ ಮುಂದೆ ಕೂತವರು, ಎಲ್ಲ ಸಮೇತ ನೆಲ ಮೆತ್ತಗೆ ಕೆಳಗೆ ಹೋಗುತ್ತಿತ್ತು. ಮಡಕೆಯ ಸಾರು ಕೂಡ ತುಳುಕುತ್ತಿರಲಿಲ್ಲ. ಎಲ್ಲಿ ಇಳಿಯುತ್ತದೆ ಎಂದು ಮುಂಚಿತವಾಗಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಯಾರ ಕಣ್ಣೂ ಬೀಳದ ಜಾಗ ಹುಡುಕಿಕೊಂಡು ಇಳಿಯುತ್ತದೆ ಎಂದು ಮಾತ್ರ ಹಳಬರು ಹೇಳುತ್ತಿದ್ದರು.

ಊರಿನಲ್ಲಿ ಕಟ್ಟುವವರಿಗೇನೂ ಬರವಿರಲಿಲ್ಲ. ಅವರು ಕಟ್ಟುತ್ತಿದ್ದರು, ಕೈ ತೊಳೆದುಕೊಳ್ಳುತ್ತಿದ್ದರು, ಹಿಂದಿರುಗಿ ನೋಡದೆ ಹೋಗುತ್ತಿದ್ದರು. ಕಟ್ಟೋಣದ ಮನೆಯವರು ಮಾತ್ರ ಹಾಗಲ್ಲ. ಆ ಮನೆಯನ್ನು ಹುಟ್ಟುಹಾಕಿದ ಹೆಂಗಸನ್ನು ಎಲ್ಲರೂ ಮೊದಲಿನವಳು ಎಂದೇ ಕರೆಯುತ್ತಿದ್ದರು. ಅವಳು ಒಂದು ಕ್ರಮ ಇಟ್ಟು ಹೋಗಿದ್ದಳು. ಗೋಡೆ ಒಂದು ಮೊಳ ಎದ್ದ ಕೂಡಲೇ ಕೆಲಸ ನಿಲ್ಲಿಸಬೇಕು. ಕಟ್ಟೋಣದ ಮನೆಯ ಮುಂದಿನ ಕರಿಕಲ್ಲಿಗೆ ದಾರ ಕಟ್ಟಬೇಕು. ಆ ದಾರಕ್ಕೆ ನೀರಿನ ಬಟ್ಟಲು ತೂಗುಹಾಕಿ, ನೀರು ಯಾವ ಕಡೆಗೂ ವಾಲದಂತೆ ಹಿಡಿದು, ಮೂರು ದಿನ ಊರೆಲ್ಲ ತಿರುಗಬೇಕು. ಊರಿನ ಮೂಲೆ ಮೂಲೆಯಲ್ಲೂ ಅವಳೇ ಕಂಬ ನೆಟ್ಟು, ಕರಿಕಲ್ಲಿನ ಎತ್ತರಕ್ಕೆ ಸರಿಯಾಗಿ ಒಂದೊಂದು ಗೀರು ಹಾಕಿಸಿದ್ದಳು. ಯಾವ ಕಂಬದ ಗೀರು ದಾರಕ್ಕಿಂತ ಕೆಳಗೆ ಕಂಡಿತೋ ಅಲ್ಲಿ ನೆಲ ಇಳಿದಿದೆ ಎಂದು ತಿಳಿಯಬೇಕು. ಅಲ್ಲಿಯ ಮನೆಗೆ ಹೋಗಿ, ಖಾಲಿ ಎಲೆ ಹಾಸಿಕೊಂಡು ಕೂತು, ಮೂರು ಮಾತು ಹೇಳಬೇಕು. “ನಿಮ್ಮ ನೆಲ ಇಳಿದಿದೆ. ಇಳಿಸಿದವರು ನಾವು. ಊಟಕ್ಕೆ ಬಂದಿದ್ದೇವೆ.” ಆ ಮನೆಯವರು ಬಡಿಸಿದರೆ ಕಟ್ಟಡ ಮೇಲೇಳಬಹುದು. ಎಲೆ ಮಗುಚಿದರೆ ಗೋಡೆ ಕೆಡವಿ, ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ತಂದು ಅಲ್ಲಿಗೇ ಸುರಿಯಬೇಕು.

ಈಗ ದಾರ ಹಿಡಿಯುತ್ತಿದ್ದವಳು ನಡುವಯಸ್ಸು ದಾಟಿದ ಹೆಂಗಸು. ದಾರದವಳು ಎಂದರೆ ಊರಿಗೆಲ್ಲ ಗೊತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದೇ ಅವಳ ಕಸುಬು. ತನ್ನ ಹೊಟ್ಟೆಗೆ ಬೀಳುವ ಅನ್ನವನ್ನೂ ಎರಡು ಸಲ ನೋಡಿ ಬಾಯಿಗೆ ಹಾಕುವವಳು ಎಂದು ಮನೆಯವರು ಅವಳನ್ನು ಗೇಲಿ ಮಾಡುತ್ತಿದ್ದರು. ಅವಳು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದಳು.

ಕಟ್ಟೋಣದ ಮನೆ ಈಗ ನೂರು ಬಾಗಿಲಿನ ಛತ್ರ ಕಟ್ಟಲು ಹೊರಟಿತ್ತು. ಸೂರಿಲ್ಲದವರಿಗೆಲ್ಲ ಅಲ್ಲಿ ಜಾಗ. ಒಳ್ಳೆಯ ಕೆಲಸ, ಯಾರೂ ಬೇಡ ಎನ್ನುವಂಥದ್ದಲ್ಲ. ಆದರೆ ದಾರದವಳ ಕಾಲದಲ್ಲಿ ಕಟ್ಟಿದ ಏಳು ಕಟ್ಟಡಗಳು ಸೇರಿ ತಿಂದಷ್ಟು ಮಣ್ಣನ್ನು ಇದೊಂದೇ ತಿನ್ನುವುದಿತ್ತು. ಗೋಡೆ ಒಂದು ಮೊಳ ಎದ್ದಿತ್ತು. ಕೆಲಸ ನಿಂತಿತ್ತು. ಮೂರನೆಯ ದಿನದ ಮಧ್ಯಾಹ್ನ ದಾರದವಳು ಅಂಗಳದಲ್ಲಿ ನಿಂತು, ಎಲ್ಲಾದರೂ ನೆಲ ಇಳಿದು ಹಳ್ಳ ಬಿದ್ದಿದೆ ಅಥವಾ ಇಲ್ಲ ಎನ್ನಬೇಕು. ಅವಳು ಇಲ್ಲ ಎಂದುಬಿಟ್ಟು, ಹಳ್ಳ ಎಲ್ಲೋ ಇದ್ದರೆ, ಆ ಎಲ್ಲೋ ಇರುವವರು ಅವಳ ಒಂದು ಮಾತಿಗೆ ಒಲೆ ಮಡಕೆ ಸಮೇತ ಪಾತಾಳಕ್ಕೆ ಹೋಗುತ್ತಾರೆ.

ಅವಳಿಗೆ ಸಂಕಟವಾಗಿದ್ದು ಇದೇ. ಏಕೆಂದರೆ ಹಿಂದಿನ ಏಳು ಸಲವೂ ಅವಳು ಇಲ್ಲ ಎಂದಿದ್ದಳು. ಏಳು ಸಲವೂ ಊರೆಲ್ಲ ತಿರುಗಿದ್ದಳು. ಒಂದು ಗೀರೂ ದಾರಕ್ಕಿಂತ ಕೆಳಗೆ ಕಂಡಿರಲಿಲ್ಲ. ಅದು ಸಾಲದು ಎಂಬಂತೆ ಗೀರುಗಳೆಲ್ಲ ದಾರಕ್ಕಿಂತ ಒಂಚೂರು ಮೇಲೆ ಕಂಡಿದ್ದವು. ಸಲದಿಂದ ಸಲಕ್ಕೆ ಇನ್ನೂ ಮೇಲೆ.

ಮೊದಲ ಸಲ ಅದನ್ನು ಕೇಳಿದಾಗ ನಕ್ಷೆ ಬರೆಯುವ ಗೆರೆಯವನು ಕುಣಿದಾಡಿದ್ದ. “ಅಂದ್ರೆ ಊರೇ ಮೇಲೆ ಬಂದಿದೆ! ನಮ್ಮ ಕಟ್ಟಡ ನೆಲ ಇಳಿಸಲ್ಲ, ಎತ್ತುತ್ತೆ!” ಎಂದಿದ್ದ. ಆ ಮಾತನ್ನು ಬಾಗಿಲವಾಡದ ಮೇಲೆ ಕೆತ್ತಿಸಿದರು. ನಾವು ಕಟ್ಟಿದರೆ ಊರು ಏಳುತ್ತದೆ. ದೂರದೂರಿನವರು ಬಂದು ಅದನ್ನು ಓದಿ ತಲೆದೂಗಿ ಹೋದರು. ಕೇಳಲು ಹೋಗಬೇಕಾದ ಮನೆಯೇ ಇಲ್ಲವಾದ್ದರಿಂದ ಆ ಊಟವನ್ನು ಮನೆಯವರೇ ಅಂಗಳದಲ್ಲಿ ಹೋಳಿಗೆ ಮಾಡಿ ಉಣ್ಣತೊಡಗಿದರು. ಮೊದಲಿನವಳ ಮೂರು ಮಾತನ್ನು ಊಟಕ್ಕೆ ಮುಂಚೆ ಎಲ್ಲರೂ ಕೈಮುಗಿದು ಒಕ್ಕೊರಲಿನಲ್ಲಿ ಹೇಳುತ್ತಿದ್ದರು. ಯಾರಿಗೆ ಹೇಳುತ್ತಿದ್ದೇವೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತುಪ್ಪ ಮಾತ್ರ ಚೆನ್ನಾಗಿರುತ್ತಿತ್ತು.

ಮೊದಲ ದಿನ ದಾರದವಳು ದಾರವನ್ನೇ ಅನುಮಾನಿಸಿದಳು. ಬಿಸಿಲಿಗೆ ಹಿಗ್ಗಿದೆಯೋ, ತೇವಕ್ಕೆ ಕುಗ್ಗಿದೆಯೋ ಎಂದು ಮೊಳ ಮೊಳ ಹಾಕಿ ನೋಡಿದಳು. ದಾರ ಸರಿಯಾಗಿತ್ತು. ಬಟ್ಟಲಿಗೆ ತೂತಿದೆಯೇ ನೋಡಿದಳು. ಇರಲಿಲ್ಲ. ಆಮೇಲೆ ಗೆರೆಯವನನ್ನು ಅನುಮಾನಿಸಿದಳು. ಇವನೇ ಕದ್ದು ಹೋಗಿ ಹಳ್ಳಗಳಿಗೆ ಮಣ್ಣು ತುಂಬಿಸುತ್ತಿರಬಹುದೇ? ಅವನ ಚಪ್ಪಲಿ ತಿರುಗಿಸಿ ನೋಡುವಾಗ ಅವನೇ ಬಂದುಬಿಟ್ಟ.

“ಏನಕ್ಕಾ, ನನ್ನ ಚಪ್ಪಲೀಲಿ ಏನ್ ಹುಡುಕ್ತಿದ್ದೀಯಾ?”

“ಮಣ್ಣು.”

“ನಾನು ಮಣ್ಣು ಮುಟ್ಟಿ ಎಷ್ಟು ಕಾಲ ಆಯ್ತೋ,” ಎಂದು ಅವನು ನಕ್ಕ. ಅವನ ಚಪ್ಪಲಿಯ ಅಡಿ ಮಗುವಿನ ಅಂಗಾಲಿನಷ್ಟು ಚೊಕ್ಕವಾಗಿತ್ತು. ಮೊದಲೆಲ್ಲ ನಕ್ಷೆ ಬರೆಯುವುದು ಅಂಗಳದ ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ಬೆಳಕು ಸಾಲದು ಎಂದು ಈಗ ಮಹಡಿಯ ಮೇಲೆ ಸಾಗಿಸಿದ್ದರು. ಗೆರೆಯವನು ಬೆಳಗ್ಗೆ ಮೇಲೆ ಹತ್ತಿದರೆ ಸಂಜೆಯೇ ಇಳಿಯುವುದು.

ಎರಡನೆಯ ದಿನ ಅವಳು ಮತ್ತೆ ದಾರ ಹಿಡಿದು ಹೊರಟಳು. ಪೇಟೆಯ ಕಂಬ, ಗೀರು ದಾರಕ್ಕಿಂತ ಮೇಲೆ. ಕೆರೆ ಏರಿಯ ಕಂಬ, ಮೇಲೆ. ಗಾಣದವರ ಮೂಲೆ, ಮೇಲೆ. ಪ್ರತಿ ಕಂಬದಲ್ಲೂ ಅವಳು ಹಣೆ ಒತ್ತಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ಮೇಲೆ ಎಂದು ತನಗೇ ಹೇಳಿಕೊಂಡು ಮುಂದೆ ಹೋದಳು. ಊರಿನವರು ನಗುತ್ತಾ, “ಎಷ್ಟು ಎದ್ದಿದ್ದೀವಮ್ಮಾ ಈ ಸಲ?” ಎಂದು ಕೇಳಿದರು. ಅವಳಿಗೆ ಆ ನಗು ಸೇರಲಿಲ್ಲ. ಎದ್ದವರ ಮುಖದಲ್ಲಿ ಎದ್ದ ಕಳೆ ಏನೂ ಇರಲಿಲ್ಲ.

ತಮ್ಮದೇ ಗಲ್ಲಿಯ ಒಳತುದಿಯ ಕಂಬದಲ್ಲಿ ಮಾತ್ರ ಗೀರು ದಾರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಹೋಗುತ್ತಿತ್ತು. ಇದಕ್ಕೂ ಗೆರೆಯವನ ಬಳಿ ಉತ್ತರ ಇತ್ತು. ಊರನ್ನೆಲ್ಲ ಎತ್ತಿದೆವು, ನಮ್ಮ ಗಲ್ಲಿಗೆ ಏನೂ ಇಟ್ಟುಕೊಳ್ಳಲಿಲ್ಲ, ಅದು ನಮ್ಮ ತ್ಯಾಗ ಎನ್ನುತ್ತಿದ್ದ. ಇದು ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಅವಳೂ ಏಳು ಸಲ ನಂಬಿದ್ದಳು. ಹಾಳಾದ ಹೊಗಳಿಕೆ ಯಾರ ತಲೆಗೆ ತಾನೇ ಏರುವುದಿಲ್ಲ.

ಗಲ್ಲಿಯ ಬಾಯಲ್ಲಿ ನಿಂತು ಅವಳು ಉಸಿರು ತೆಗೆದುಕೊಂಡಳು. ಈಚೀಚೆಗೆ ಮನೆಯಿಂದ ಹೊರಟರೆ ಏದುಸಿರು ಬರುತ್ತಿತ್ತು. ವಾಪಸಾಗುವಾಗ ಕಾಲು ತಾನಾಗಿ ಓಡುತ್ತಿತ್ತು. ವಯಸ್ಸಾಯಿತು, ಮನೆ ಕಡೆ ಮುಖ ಮಾಡಿದರೆ ಯಾರ ಕಾಲಾದರೂ ಹಗುರಾಗುತ್ತದೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಬೀದಿಯಲ್ಲಿ ಕುಂಬಳಕಾಯಿ ಮಾರುವವನ ಗಾಡಿ ಕುಲುಕಿ ಒಂದು ಕಾಯಿ ನೆಲಕ್ಕೆ ಬಿತ್ತು. ಬಿದ್ದದ್ದು ಒಡೆಯಲಿಲ್ಲ, ಉರುಳಿತು. ಬೀದಿ ಬಿಟ್ಟು ಗಲ್ಲಿಗೆ ತಿರುಗಿತು. ಗಲ್ಲಿಯ ಬಾಯಲ್ಲಿದ್ದ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಧೊಪ್ ಧೊಪ್ ಎಂದು ಇಳಿದು, ಬುಟ್ಟಿ ಹೆಣೆಯುವವಳ ಮನೆಯ ಮುಂದೆ ಹಾದು, ಕಟ್ಟೋಣದ ಮನೆಯ ಅಂಗಳಕ್ಕೆ ನುಗ್ಗಿ, ಕರಿಕಲ್ಲಿಗೆ ತಾಗಿ ನಿಂತಿತು.

“ಅಯ್ಯೋ ಹಿಡ್ಕಳ್ರೋ!” ಎಂದು ಅವನು ಹಿಂದೆಯೇ ಓಡಿಬಂದ. ಕಾಯಿ ಎತ್ತಿಕೊಂಡು, “ಈ ಗುಂಡೀಲಿ ಹೆಂಗಮ್ಮಾ ಇರ್ತೀರಾ ನೀವು?” ಎಂದು ಬೈದುಕೊಳ್ಳುತ್ತಾ ಹೋದ.

ದಾರದವಳು ನಿಂತಲ್ಲೇ ಬಗ್ಗಿದಳು. ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದಳು. ಏಳು. ಅವಳು ಈ ಮನೆಗೆ ಬಂದಾಗ ಗಲ್ಲಿಗೆ ಮೆಟ್ಟಿಲೇ ಇರಲಿಲ್ಲ, ಬೀದಿಯಿಂದ ಗಾಡಿ ನೇರವಾಗಿ ಬರುತ್ತಿತ್ತು. ಏಳು ಕಟ್ಟಡ, ಏಳು ಮೆಟ್ಟಿಲು. ದಿನಾ ಹತ್ತಿದ ಕಾಲು, ದಿನಾ ಇಳಿದ ಕಾಲು, ಒಂದು ದಿನವೂ ಎಣಿಸಿರಲಿಲ್ಲ. ಊರಿನ ಕಂಬಗಳೆಲ್ಲ ಮೇಲೆದ್ದಿರಲಿಲ್ಲ. ದಾರ ಕಟ್ಟಿದ ಕಲ್ಲೇ ಕೆಳಗೆ ಹೋಗಿತ್ತು. ಅದರ ಜೊತೆ ಗಲ್ಲಿಯೂ ಹೋಗಿತ್ತು. ಅವಳು ಎಲ್ಲರನ್ನೂ ಅನುಮಾನಿಸಿದ್ದಳು, ಆ ಕಲ್ಲೊಂದನ್ನು ಬಿಟ್ಟು. ಊರಿನಲ್ಲಿ ಯಾರ ಕಣ್ಣೂ ಬೀಳದ ಜಾಗ ಎಂದರೆ ಅದೇ. ಅವಳಿಗೆ ತನ್ನ ಮೇಲೆ ಎಷ್ಟು ನಾಚಿಕೆಯಾಯಿತೆಂದರೆ, ಕುಂಬಳಕಾಯಿಯವನು ಇನ್ನೂ ಬೈಯಬಾರದಿತ್ತೇ ಅನ್ನಿಸಿತು.

ಅವಳು ಮಹಡಿ ಹತ್ತಿ ಮನೆಯ ಹಿರಿಯನ ಮುಂದೆ ನಿಂತಳು. ಹಿರಿಯ ಮೊದಲಿನವಳ ಕೈಕೆಳಗೆ ಕಲಿತವನು. ದಾರದವಳನ್ನು ಸಾಕಿ ದಾರ ಹಿಡಿಯಲು ಕಲಿಸಿದವನೂ ಅವನೇ.

“ಗಲ್ಲಿ ಬಾಯಿಗೆ ಮೆಟ್ಟಿಲು ಹಾಕ್ಸಿದ್ದು ಯಾರು?”

ಹಿರಿಯ ಕಿಟಕಿಯ ಕಡೆ ನೋಡಿದ. “ನಾನೇ. ಮಳೇಲಿ ಜಾರ್ತಿತ್ತು.”

“ಏಳು ಸಲ ಜಾರ್ತಾ?”

ಹಿರಿಯನ ಮುಖ ಹುಳ್ಳಗಾಯಿತು. ಆಮೇಲೆ ಹೇಳಿದ. “ಎರಡನೇ ಮೆಟ್ಟಿಲು ಹಾಕೋವಾಗ್ಲೇ ಗೊತ್ತಾಯ್ತಮ್ಮಾ. ಆದ್ರೆ ಕಲ್ಲು ಕದಲಿಸಬೇಡಿ ಅಂತ ಮೊದಲಿನವಳು ಹೇಳಿ ಹೋಗಿದ್ಲು. ನಾನು ಕದಲಿಸಲಿಲ್ಲ. ಸುಳ್ಳೂ ಹೇಳಲಿಲ್ಲ. ನೀನು ಅಳೆದದ್ದನ್ನ ನೀನು ಹೇಳ್ದೆ, ನಾನು ಕೇಳಿಸ್ಕೊಂಡೆ.”

“ಪಕ್ಕದ ಮನೆಗಳು?”

“ನಾವೂ ಜೊತೆಗೇ ಇಳೀತಿದ್ದೀವಲ್ಲ. ನಮ್ಮನ್ನ ಯಾರು ಏನನ್ನೋಕಾಗುತ್ತೆ?” ಅವನು ಕಿಟಕಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದ. “ಈಗ ಇದನ್ನ ಹೇಳಿದ್ರೆ ನಮ್ಮ ಮಾತು ಹೋಗುತ್ತೆ. ಊರಲ್ಲಿ ಕೇಳಿ ಕಟ್ಟೋ ಮನೆ ಇದೊಂದೇ. ಇದೂ ಹೋದ್ರೆ ಕೇಳೋರೇ ಇರಲ್ಲ. ಛತ್ರ ಆಗಲಿ, ಪಾಪ, ಸೂರಿಲ್ಲದವರು. ಆಮೇಲೆ ನೋಡೋಣ.”

ಅವಳು ಅವನ ಹಿಂದಿನ ಕಿಟಕಿಯನ್ನು ನೋಡಿದಳು. ಬೆಳಕಿಗಾಗಿ ಮಹಡಿಗೆ ಬಂದೆವು ಎಂದಿದ್ದರು. ಅಲ್ಲಿಂದ ಊರು ಸಮನಾಗಿ ಕಾಣುತ್ತಿತ್ತು. ಈ ಮನೆ ಇಳಿದಷ್ಟೂ ಮೇಲೆ ಹತ್ತಿಕೊಂಡಿತ್ತು. ಪಕ್ಕದ ಮನೆಗಳಿಗೆ ಮಹಡಿ ಇರಲಿಲ್ಲ. ತನ್ನನ್ನು ಸಾಕಿದ ಈ ಮುದುಕನ ಮೇಲೆ ಅವಳಿಗೆ ಕೋಪ ಬಂತು, ಅದರ ಬೆನ್ನಿಗೇ ಅಳು ಬಂತು. ಎರಡನ್ನೂ ನುಂಗಿಕೊಂಡು ಇಳಿದುಹೋದಳು.

ಮೂರನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಎಲೆ ಹಾಸಿದ್ದರು. ಹೋಳಿಗೆಯ ಘಮ ಗಲ್ಲಿಯೆಲ್ಲ ತುಂಬಿತ್ತು. ಊರಿನ ದೊಡ್ಡವರು ಬಂದಿದ್ದರು. ಗೆರೆಯವನು ಹೊಸ ಅಂಗಿ ತೊಟ್ಟು, “ಹೇಳಕ್ಕಾ, ಊರು ಎಷ್ಟು ಎದ್ದಿದೆ?” ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದ. ದಾರದವಳು ಸಾಲಿನಿಂದ ಒಂದು ಎಲೆ ಎತ್ತಿಕೊಂಡು ಹೊರಗೆ ನಡೆದಳು. ಪಕ್ಕದ ಮನೆಗೆ ಹೋದಳು.

ಬುಟ್ಟಿಯವಳು ಬಾಗಿಲಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ದಾರದವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ನೆಲ ತೇವವಾಗಿತ್ತು, ಸೀರೆ ಕೂಡಲೇ ಒದ್ದೆಯಾಯಿತು. ಗೋಡೆಯ ಬುಡದಲ್ಲಿ ಪಾಚಿ ಕಟ್ಟಿತ್ತು. ಇನ್ನು ಏಳು ಮೆಟ್ಟಿಲು ಇಳಿದರೆ ಈ ಮನೆಯೊಳಗೆ ಕೆರೆ ಬರುತ್ತಿತ್ತು. ಅವಳು ಎಲೆ ಹಾಸಿದಳು.

“ನಿಮ್ಮ ನೆಲ ಇಳಿದಿದೆ. ಇಳಿಸಿದವರು ನಾವು. ಊಟಕ್ಕೆ ಬಂದಿದ್ದೇವೆ.”

ಬುಟ್ಟಿಯವಳು ಕತ್ತಿ ಕೆಳಗಿಟ್ಟಳು. “ಹೋಳಿಗೆ ವಾಸನೆ ನಿಮ್ಮನೇಲಿ, ಊಟ ನಮ್ಮನೇಲಾ? ಇದ್ಯಾವ ಆಟ?”

“ಆಟ ಅಲ್ಲ. ಛತ್ರದ ಗೋಡೆ ನಿಮ್ಮ ನೆಲ ತಿಂತಿದೆ.”

“ಗೊತ್ತು.”

“ಗೊತ್ತಾ?”

“ನೆಲದಲ್ಲಿ ನೀರು ಒಸರಿದ್ರೆ ಗೊತ್ತಾಗಲ್ವಾ? ಮುಂಚೆ ಈ ಬಾಗಿಲಿಂದ ಕೆರೆ ಏರಿ ಮೇಲೆ ಹೋಗೋರ ಕಾಲು ಕಾಣ್ತಿತ್ತು. ಈಗ ಅವರ ತಲೆಯೂ ಕಾಣಲ್ಲ. ನೀವೂ ನಮ್ಮ ಜೊತೇಲೇ ಇಳೀತಿದ್ದೀರಲ್ಲಾ, ತಿಳಿದೋರು, ಏನೋ ಒಳ್ಳೇದಕ್ಕೇ ಇರಬೇಕು ಅಂತ ಸುಮ್ಮನಿದ್ವಿ.”

ಬಾಗಿಲಲ್ಲಿ ಜನ ಸೇರಿದ್ದರು. ಹಿರಿಯನೂ ಇಳಿದು ಬಂದಿದ್ದ. ಬುಟ್ಟಿಯವಳು ಅವರನ್ನೆಲ್ಲ ಒಂದು ಸಲ ನೋಡಿ ಎಲೆಯ ಕಡೆ ತಿರುಗಿದಳು.

“ನಾನು ಬಡಿಸಲ್ಲ ಅಂದ್ರೆ?”

“ಕೆಡವ್ತೀವಿ. ಮಣ್ಣು ತಂದು ಇಲ್ಲಿಗೇ ಹಾಕ್ತೀವಿ.”

“ಇದುವರೆಗೂ ಯಾರಾದ್ರೂ ಬಡಿಸಲ್ಲ ಅಂದಿದ್ರಾ?”

ದಾರದವಳು ನೆನಪು ಮಾಡಿಕೊಂಡಳು. ಮೊದಲಿನವಳ ಕಾಲದಿಂದ ಹಿಡಿದು ಒಬ್ಬರೂ ಇರಲಿಲ್ಲ. “ಇಲ್ಲ,” ಎಂದಳು.

“ಹಂಗಾದ್ರೆ ಕೆಡವ್ತೀವಿ ಅಂತ ನಿಮಗೇ ಹೆಂಗೆ ಗೊತ್ತು?”

ದಾರದವಳು ತಿರುಗಿ ಹಿರಿಯನನ್ನು ನೋಡಿದಳು. ಹಿರಿಯ ಕಣ್ಣು ತಪ್ಪಿಸಿದ. ಬುಟ್ಟಿಯವಳು ಬಾಗಿ, ಎಲೆಯ ತುದಿ ಹಿಡಿದು, ಅವಸರವಿಲ್ಲದೆ ಮಗುಚಿ ಹಾಕಿದಳು. ದಾರದವಳ ಎದೆಯೊಳಗೆ ಎಷ್ಟೋ ಕಾಲದಿಂದ ಕೂತಿದ್ದ ಭಾರ ಒಮ್ಮೆಗೇ ಇಳಿದಂತಾಯಿತು.

“ಎಲೆ ಹಿಂಗೇ ಇರ್ಲಿ,” ಎಂದಳು ಬುಟ್ಟಿಯವಳು. ಮೂಲೆಯಿಂದ ಒಂದು ಹೊಸ ಬುಟ್ಟಿ ತಂದು ದಾರದವಳ ಮಡಿಲಿಗೆ ಹಾಕಿದಳು. “ತಗೋ. ನೋಡೇ ಬಿಡೋಣ.”

ಗೆರೆಯವನು ಕೂಗಾಡಿದ. ಒಬ್ಬ ಬುಟ್ಟಿ ಹೆಣೆಯುವವಳ ಮಾತಿಗೆ ನೂರು ಬಾಗಿಲು ಮುಚ್ಚುವುದೇ ಎಂದ. ಸೂರಿಲ್ಲದವರಿಗೆ ಏನು ಹೇಳುತ್ತೀರಿ ಎಂದ. ಅದು ಸುಳ್ಳು ಪ್ರಶ್ನೆಯೇನೂ ಅಲ್ಲ, ದಾರದವಳಿಗೆ ಅದು ಚುಚ್ಚಿತು. “ಬೇರೆ ಥರ ಕಟ್ಟೋಣ. ಕೇಳ್ಕೊಂಡು ಕಟ್ಟೋಣ,” ಎಂದಳು. ಅವನು ಹೊಸ ಅಂಗಿಯಲ್ಲೇ ಗಲ್ಲಿಯ ಮೆಟ್ಟಿಲು ಹತ್ತಿ ಹೋದ. ತಿರುಗಿ ನೋಡದೆ ಕಟ್ಟುವ ಮನೆಗಳು ಊರಿನಲ್ಲಿ ಬೇಕಾದಷ್ಟಿದ್ದವು. ಒಂದು ಮನೆಯವರು ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡರು.

ಮಿಕ್ಕವರು ಗೋಡೆ ಕೆಡವಿದರು. ಹಿರಿಯನೂ ಬುಟ್ಟಿ ಹೊತ್ತ. ದಾರದವಳು ಅವನ ಹಿಂದೆಯೇ ನಡೆದು, ಅವನ ಬುಟ್ಟಿಯಲ್ಲಿ ನಿಜವಾಗಿಯೂ ಮಣ್ಣು ಇದೆಯೇ ಎಂದು ನೋಡಿದಳು. ಇತ್ತು. ಅವನ ಕತ್ತಿನ ನರ ಉಬ್ಬಿತ್ತು. ಒಂದು ಕಡೆ ಅವನು ಎಡವಿದಾಗ ಅವಳ ಕೈ ತಾನಾಗಿ ಮುಂದೆ ಹೋಗಿ ಹಿಡಿದುಕೊಂಡಿತು. ಅವರು ಮಣ್ಣು ಸುರಿದಷ್ಟೂ ಬುಟ್ಟಿಯವಳ ನೆಲ ಮೆತ್ತಗೆ ಮೇಲೆ ಬಂತು, ಒಲೆ ಮಡಕೆ ಸಮೇತ. ಸಂಜೆಯ ಹೊತ್ತಿಗೆ ಒಂದು ಬೆರಳಿನಷ್ಟು ಬಂದಿತ್ತು. ಅಂಗಳದಲ್ಲಿ ಹೋಳಿಗೆ ಆರಿಹೋಗಿತ್ತು.

ಅವಳು ಕರಿಕಲ್ಲಿನಿಂದ ದಾರ ಬಿಚ್ಚಿದಳು. ಎಲ್ಲಿ ಕಟ್ಟುವುದೆಂದು ಬಹಳ ಹೊತ್ತು ನಿಂತಳು. ಕೊನೆಗೆ ಗಲ್ಲಿಯಾಚೆಯ ಕೆರೆ ಏರಿಯ ಕಂಬಕ್ಕೆ ಕಟ್ಟಿದಳು. ಕಟ್ಟಿ, ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಆ ಕಂಬವನ್ನೂ ಅನುಮಾನದಿಂದ ನೋಡಿದಳು.

ಮರುದಿನ ಬೆಳಗ್ಗೆ ಖಾಲಿ ಬುಟ್ಟಿ ಹಿಂದಿರುಗಿಸಲು ಹೋದಾಗ ಬುಟ್ಟಿಯವಳ ಮನೆಯ ನೆಲದ ಮೇಲೆ ಏಳು ಎಲೆ ಹಾಸಿತ್ತು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು.

“ಇದೇನು?” ಎಂದಳು ದಾರದವಳು. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತು.

“ನಿನ್ನೆಯ ಎಲೆ ಛತ್ರದ್ದು, ಅದು ಮುಗೀತು. ಹಿಂದಿನವು ಏಳು ಉಳಿದಿವೆಯಲ್ಲ. ಒಂದೊಂದಾಗಿ ಕೂತ್ಕೋ.”

“ಏಳನ್ನೂ ಮಗುಚ್ತೀರಾ?”

“ಅದನ್ನ ನೀನು ಕೇಳಿದ ಮೇಲೆ ಯೋಚ್ನೆ ಮಾಡ್ತೀನಿ. ಶಾಲೆ ಕಟ್ಟಿದ್ರಿ, ನನ್ನ ಮಗಳು ಅಲ್ಲೇ ಓದಿದ್ಲು, ಅದಕ್ಕೆ ಒಂದು ತುತ್ತು ಹಾಕಿದ್ರೂ ಹಾಕಿಯೇನು. ದೊಡ್ಡೋರು ಗಾಳಿ ತಗೊಳ್ಳೋಕೆ ಮಂಟಪ ಕಟ್ಟಿದ್ರಲ್ಲ, ಅದಕ್ಕೆ ಮಾತ್ರ ಆಸೆ ಇಟ್ಕೋಬೇಡ.”

ದಾರದವಳು ಮೊದಲನೆಯ ಎಲೆಯ ಮುಂದೆ ಕೂತಳು. ಒದ್ದೆ ನೆಲ ಮತ್ತೆ ಸೀರೆಗೆ ಹತ್ತಿತು. “ನಿಮ್ಮ ನೆಲ ಇಳಿದಿದೆ,” ಎಂದು ಮೆಲ್ಲಗೆ ಶುರುಮಾಡಿದಳು.

ಬುಟ್ಟಿಯವಳು ಅನ್ನದ ಸೌಟು ಕೈಯಲ್ಲಿ ಹಿಡಿದೇ, ಕಟ್ಟೋಣದ ಮನೆಯ ಮಹಡಿಯ ಕಿಟಕಿ ಕಡೆ ಗದ್ದ ಎತ್ತಿದಳು.

“ಜೋರಾಗಿ ಹೇಳು,” ಎಂದಳು. “ಅಲ್ಲಿಗೂ ಮುಟ್ಬೇಕು.”